ಫೋಮ್ ಪಟ್ಟಿ ಕತ್ತರಿಸೋಕೆ ಅಗ್ಗದ ಕಟಿಂಗ್ ಸೆಟ್ ತರಿಸೋ ಮುಂಚೆ ಇದನ್ನ ಓದಿ

ಫ್ಲೈ (ಗಾಳದ ಹುಕ್ಕಿಗೆ ದಾರ, ಫೋಮ್ ಸುತ್ತಿ ಮಾಡೋ ನಕಲಿ ಹುಳ) ಕಟ್ಟೋರು, ಅದ್ರಲ್ಲೂ ಈಗಷ್ಟೇ ಶುರು ಮಾಡಿರೋ ಹುಡುಗ್ರು, ದಯವಿಟ್ಟು ಪೂರ್ತಿ ಓದಿ. ಆನ್‌ಲೈನಲ್ಲಿ ಒಂದು ಕಟಿಂಗ್ ಸೆಟ್ ಸಿಗ್ತದೆ, ಹಸಿರು ಮ್ಯಾಟು, ಒಂದಡಿ ಪಾರದರ್ಶಕ ಸ್ಕೇಲು, 45 ಎಂಎಂ ಚಕ್ರದ ರೋಟರಿ ಕಟರು, ಮೂರೂ ಸೇರಿ ಅಗ್ಗಕ್ಕೆ. ಸ್ಕೇಲಿಗೆ ‘ಸ್ಟೀಲ್ ಎಡ್ಜ್’ ಇದೆ ಅಂತ ಬರ್ದಿರ್ತಾರೆ. ಆ ಸೆಟ್ಟಿಂದ ನಮ್ಮ ಅಕ್ಕನ ಮಗನ ಎಡಗೈ ತೋರುಬೆರಳಿನ ತುದಿ ಉಗುರಿನ ಸಮೇತ ಸೀಳಿ ಹೋಗಿದೆ.

ನಾವಿರೋದು ಕಾರವಾರದ ಸದಾಶಿವಗಡದ ಕಡೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟಿಗೆ ನಿಷೇಧ, ಬೈತಖೋಲ ಬಂದರಲ್ಲಿ ಬೋಟೆಲ್ಲ ಕಟ್ಟಿ ಹಾಕಿರ್ತಾರೆ, ಕಾಳಿ ನದಿ ಕೆಂಪು ನೀರು ಹೊತ್ಕೊಂಡು ಬರ್ತಿರ್ತದೆ, ನಮ್ಮಂಥ ಗಾಳದ ರಾಡ್ ಹಿಡಿಯೋರಿಗೂ ಮನೇಲಿ ಕೂತು ಫ್ಲೈ ಕಟ್ಟೋದೇ ಕೆಲಸ. ಮಳೆ ನಿಂತು ನೀರು ತಿಳಿಯಾದ ಮೇಲೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬುಡದಲ್ಲಿ ಚೊಣಕ್ ಮೀನು ಹುಡುಕೋಕೆ ಗರ್ಗ್ಲರ್ ಬೇಕೇ ಬೇಕು. ಅಮೆರಿಕದ ಜ್ಯಾಕ್ ಗಾರ್ಟ್‌ಸೈಡ್ ಅನ್ನೋರು ಮಾಡಿದ ಫ್ಲೈ ಅದು, ಒಂದು ಫೋಮ್ ಪಟ್ಟಿನ ಹುಕ್ಕಿನ ಬೆನ್ನ ಮೇಲೆ ಮಡಚಿ ಕಟ್ಟಿ ಮುಂದೆ ತುಟಿ ಥರ ಬಿಡೋದು, ಎಳೆದಾಗ ನೀರು ಗುಳುಗುಳು ಅನ್ನಬೇಕು. ಪಟ್ಟಿ ಒಂದು ತುದಿಗೆ ಅಗಲ ಇನ್ನೊಂದು ತುದಿಗೆ ಸಪೂರ ಆದ್ರೆ, ಇಲ್ಲಾ ಅಂಚು ಓರೆ ಆದ್ರೆ, ಫ್ಲೈ ನೀರಲ್ಲಿ ಒಂದು ಮಗ್ಗುಲಿಗೆ ವಾಲ್ತದೆ, ಎಳೆದಾಗ ಗಿರಗಿರ ತಿರುಗಿ ಲೀಡರ್ (ಫ್ಲೈಗೆ ಕಟ್ಟೋ ಸಪೂರ ದಾರ) ಎಲ್ಲ ಹುರಿ ಬೀಳ್ತದೆ. ಕತ್ತರಿಲಿ ಕತ್ತರಿಸಿದ್ರೆ ಅಂಚು ಅಲೆ ಅಲೆ ಬರ್ತದೆ, ಎಷ್ಟು ಕೈ ಪಳಗಿದ್ರೂ ಅಷ್ಟೇ. ಹಾಗಾಗಿ ಹುಡುಗ ಈ ಸೆಟ್ ತರಿಸಿದ್ದ, ಒಂದು ವಿಡಿಯೋದಲ್ಲಿ ಅದನ್ನೇ ತೋರ್ಸಿ ಹೊಗಳಿದ್ರಂತೆ.

ಅವನು ಅವಸರದವನಲ್ಲ, ಅದನ್ನ ಮೊದ್ಲೇ ಹೇಳ್ತೀನಿ. ಟೇಬಲ್ ಮೇಲೆ ಮ್ಯಾಟ್ ಹಾಸಿ, 3 ಎಂಎಂ ಬಿಳಿ ಫೋಮ್ ಇಟ್ಟು, ಸ್ಕೇಲ್ ಒತ್ತಿ ಹಿಡಿದು ವಿಡಿಯೋದಲ್ಲಿ ತೋರ್ಸಿದ ಹಾಗೇ ಚಕ್ರ ಮುಂದಕ್ಕೆ ಉರುಳಿಸ್ತಿದ್ದ. ನಾನು ಎದುರಿಗೇ ಕೂತು ಹುಕ್ಕಿಗೆ ದಾರ ಸುತ್ತುತಾ ಇದ್ದೆ. ಅರ್ಧ ಶೀಟ್ ದಾಟಿರಲಿಲ್ಲ, ಚಕ್ರ ಸದ್ದಿಲ್ಲದೆ ಸ್ಕೇಲ್ ಮೇಲೆ ಹತ್ತಿ ಸೀದಾ ಬೆರಳಿಗೆ ಹೋಯ್ತು. ಅವ ಗಾಬರಿಯಿಂದ ಕೈ ಬಿಟ್ಟ, ಕಟರ್ ತೊಡೆ ಮೇಲೆ ಬಿತ್ತು, ಮುಚ್ಚಳ ತಾನಾಗಿ ಮುಚ್ಚಿಕೊಳ್ಬೇಕಿತ್ತು, ಮುಚ್ಚಲಿಲ್ಲ, ಬರ್ಮುಡಾ ದಪ್ಪ ಇದ್ದಿದ್ದಕ್ಕೆ ತೊಡೆ ಉಳೀತು ಮಾರಾಯ್ರೆ. ಬಿಳಿ ಫೋಮ್ ಎಲ್ಲ ಕೆಂಪು. ಟವೆಲ್ ಸುತ್ತಿ, ಕೈ ಮೇಲೆತ್ತಿ ಹಿಡಿಸಿ, ಮಳೇಲೇ ಬೈಕ್ ಮೇಲೆ ಕರ್ಕೊಂಡು ಹೋದೆ. “ಏನ್ ತಮಾ, ಮೀನು ಕೊಯ್ಯೋಕೆ ಹೋಗಿದ್ಯಾ?” ಅಂದ್ರು ಡಾಕ್ಟ್ರು, ಫೋಮ್ ಅಂದ್ರೆ ನಂಬಲೇ ಇಲ್ಲ. ಹೊಲಿಗೆ ಹಾಕಿ ಟಿಟಿ ಇಂಜೆಕ್ಷನ್ ಕೊಟ್ರು. ಗಾಯ ಮಾಗಿದೆ, ಆದ್ರೆ ಆ ಬೆರಳ ತುದೀಲಿ ಇನ್ನೂ ಸರಿಯಾಗಿ ಸ್ಪರ್ಶ ಗೊತ್ತಾಗಲ್ಲ ಅಂತಾನೆ. ಲೈನ್ ಹಿಡಿಯೋ ಬೆರಳು ಅದು. ಅವನ ಮುಖ ನೋಡಿದಾಗೆಲ್ಲ ಹೊಟ್ಟೆ ಉರೀತದೆ.

ಹೇಗೆ ಹತ್ತಿತು ಅಂತ ಆಮೇಲೆ ಅದೇ ಸ್ಕೇಲ್ ಇಟ್ಕೊಂಡು ನೋಡ್ದೆ. ಸ್ಕೇಲಿನ ದಪ್ಪ ಬರೀ 1 ಎಂಎಂ ಚಿಲ್ಲರೆ. ಇವಿಎ ಫೋಮ್ ಮೆತ್ತಗೆ, ಒತ್ತಿದ ಕಡೆ ತಗ್ಗುತ್ತೆ. ಹಾಸಿಗೆ ಮೇಲೆ ಹಲಗೆ ಇಟ್ಟು ಮೊಣಕೈ ಊರಿದ ಹಾಗೆ ಸ್ಕೇಲ್ ಒಳಗೆ ಹೂತುಹೋಗ್ತದೆ, ಪಕ್ಕದ ಫೋಮ್ ಮೇಲೇ ಉಳಿದು ಹೆಚ್ಚೂಕಮ್ಮಿ ಸ್ಕೇಲಿನ ಮಟ್ಟಕ್ಕೇ ಬಂದಿರ್ತದೆ. ಅಂದ್ರೆ ಚಕ್ರಕ್ಕೆ ಒರಗೋಕೆ ಗೋಡೆನೇ ಇಲ್ಲ. ಜಾಸ್ತಿ ಒತ್ತಿ ಹಿಡಿದಷ್ಟೂ ಇನ್ನೂ ಹೂತುಹೋಗ್ತದೆ, ಸೇಫಾಗಿ ಹಿಡೀತಿದೀನಿ ಅಂತ ಒತ್ತೋನಿಗೇ ಅಪಾಯ ಜಾಸ್ತಿ. ಇನ್ನು ಆ ಸ್ಟೀಲ್ ಎಡ್ಜ್ ಇದೆಯಲ್ಲ, ಉಗುರಿಂದ ಕೆರೆದೆ, ಸಿಪ್ಪೆ ಥರ ಎದ್ದು ಬಂತು, ಬೆಳ್ಳಿ ಬಣ್ಣದ ಟೇಪು! ಅದರ ಕೆಳಗೆ ಬರೀ ಪ್ಲಾಸ್ಟಿಕ್, ಅದ್ರಲ್ಲಿ ಚಕ್ರ ಕಚ್ಚಿದ ಗಾಯ. ಒಂದ್ಸಲ ಪ್ಲಾಸ್ಟಿಕ್ ಅಂಚಿಗೆ ಬ್ಲೇಡ್ ಕಚ್ತು ಅಂದ್ರೆ ಮುಂದಿನ ಸಲ ಅಲ್ಲಿಂದಲೇ ಹತ್ತೋಕೆ ದಾರಿ.

ಮಾರಿದವರಿಗೆ ಫೋಟೋ ಸಮೇತ ಬರೆದೆ. ಬಳಸಿದ ಐಟಂ ವಾಪಸ್ ಇಲ್ಲ, ಬಳಸೋ ರೀತಿ ಸರಿ ಇಲ್ಲ ಅಂತ ಒಂದೇ ಸಾಲಿನ ಉತ್ತರ. ಬೆರಳಿನ ಬಗ್ಗೆ ಒಂದು ಮಾತಿಲ್ಲ.

ಈಗ ನಾವು ಮಾಡ್ತಿರೋದು ಇಷ್ಟು. ಕನಿಷ್ಠ 3 ಎಂಎಂ ದಪ್ಪದ ಕಬ್ಬಿಣದ ಇಲ್ಲಾ ಅಲ್ಯೂಮಿನಿಯಂ ಪಟ್ಟಿ, ವೆಲ್ಡಿಂಗ್ ಅಂಗಡೀಲಿ ನೇರ ಇರೋ ತುಂಡು ಕೇಳಿದ್ರೆ ಕೊಡ್ತಾರೆ, ಅಂಚು ಅರದಲ್ಲಿ ಉಜ್ಜಿಸ್ಕೊಳ್ಳಿ. ಅಡಿಗೆ ಸಣ್ಣ ಕಾಳಿನ ಸ್ಯಾಂಡ್‌ಪೇಪರ್ ಅಂಟಿಸಿದ್ರೆ ಫೋಮ್ ಮೇಲೆ ಜಾರಲ್ಲ, ಹೆಚ್ಚು ಒತ್ತೋದೂ ಬೇಡ. ಮೇಲೊಂದು ಬಾಗಿಲಿನ ಹಿಡಿಕೆ ಸ್ಕ್ರೂ ಮಾಡಿಸ್ಕೊಂಡಿದೀವಿ, ಬೆರಳು ಅಂಚಿನ ಹತ್ರ ಬರೋ ಪ್ರಶ್ನೆನೇ ಇಲ್ಲ. ಫೋಮ್ ಶೀಟಿನ ನಾಲ್ಕು ಮೂಲೆ ಮಾಸ್ಕಿಂಗ್ ಟೇಪಿಂದ ಮ್ಯಾಟಿಗೆ ಅಂಟಿಸಿ.

ಚಕ್ರ ಬಿಟ್ಟು 18 ಎಂಎಂ ಮುರಿಯೋ ಬ್ಲೇಡಿನ ಚಾಕು ತಗೊಂಡಿದೀವಿ, 9 ಎಂಎಂದು ಬಳುಕ್ತದೆ, ಬಳುಕಿದ್ರೆ ಅಂಚು ಓರೆ. ಬ್ಲೇಡ್ ಒಂದು ಗೆರೆಯಷ್ಟೇ ಹೊರಗೆ ಇರ್ಲಿ, ಕೈ ನೆಟ್ಟಗೆ ಇರ್ಲಿ, ಒಂದೇ ಏಟಿಗೆ ಕತ್ತರಿಸೋ ಹಟ ಬೇಡ, ಹಗುರಾಗಿ ಎರಡ್ಮೂರು ಸಲ ಎಳೀರಿ. ಆ ಗೆರೆಗಳು ಇರೋದೇ ಮೊಂಡಾದ ಕೂಡ್ಲೇ ತುದಿ ಮುರಿದು ಹೊಸದು ಮಾಡ್ಕೊಳ್ಳೋಕೆ, 1956ರಲ್ಲಿ ಜಪಾನಿನ ಯೋಶಿಯೋ ಒಕಾಡಾ ಕಂಡುಹಿಡಿದಿದ್ದು ಅದನ್ನ. ನಮ್ಮಲ್ಲಿ ದುಡ್ಡು ಉಳ್ಸೋಕೆ ಅಂತ ಒಂದೇ ತುದಿಲಿ ತಿಂಗಳುಗಟ್ಟಲೆ ಎಳೀತಾರೆ. ಮೊಂಡು ಬ್ಲೇಡ್ ಫೋಮನ್ನ ಕತ್ತರಿಸಲ್ಲ, ಎಳೆದು ಹರೀತದೆ, ಕೈಗೆ ಬಲ ಹಾಕಿಸ್ತದೆ, ಜಾರೋದು ಆಗಲೇ. ಕರಾವಳಿ ಗಾಳಿಗೆ ಹೊಸ ಬ್ಲೇಡೂ ಮಳೆಗಾಲದಲ್ಲಿ ಬೇಗ ತುಕ್ಕು ಹಿಡೀತದೆ, ಹೊಲಿಗೆ ಮಷಿನ್ ಎಣ್ಣೆ ಸವರಿ ಡಬ್ಬೀಲಿಡಿ, ಬಳಸೋ ಮುಂಚೆ ಚೆನ್ನಾಗಿ ಒರೆಸಿ, ಇಲ್ಲಾಂದ್ರೆ ಎಣ್ಣೆ ಫೋಮಿಗೆ ಹತ್ತಿ ಗಮ್ ಹಿಡಿಯಲ್ಲ. ಮುರಿದ ತುಂಡುಗಳನ್ನ ಹಾಗೇ ಕಸಕ್ಕೆ ಹಾಕ್ಬೇಡಿ, ಕಸದ ಗಾಡಿಯವರು ಬರಿಗೈಲಿ ವಿಂಗಡಿಸ್ತಾರೆ.

ಬ್ಲೇಡ್ ಕಾಯಿಸಿ ಕತ್ತರಿಸಿದ್ರೆ ಸುಲಭ ಅಂತ ಕೆಲವರು ಹೇಳ್ತಾರೆ, ಬೇಡ, ಅಂಚು ಕರಗಿ ಗಂಟು ಕಟ್ತದೆ, ಮುಚ್ಚಿದ ಕೋಣೇಲಿ ಆ ಹೊಗೆ ಕುಡಿಯೋದೂ ಬೇಡ.

ಈಗಾಗ್ಲೇ ಆ ಸೆಟ್ ಆರ್ಡರ್ ಮಾಡಿದೀರಾ? ಬಂದ ದಿನವೇ, ಏನೂ ಕತ್ತರಿಸೋ ಮುಂಚೆ, ಸ್ಕೇಲಿನ ಬೆಳ್ಳಿ ಅಂಚನ್ನ ಉಗುರಲ್ಲಿ ಕೆರೆದು ನೋಡಿ, ಕಟರಿನ ಮುಚ್ಚಳ ಕೈ ಬಿಟ್ಟ ಕೂಡ್ಲೇ ಮುಚ್ತದಾ ನೋಡಿ, ಎರಡನ್ನೂ ವಿಡಿಯೋ ಮಾಡಿಟ್ಕೊಳ್ಳಿ. ಟೇಪ್ ಎದ್ದು ಬಂದ್ರೆ ಅವತ್ತೇ ವಾಪಸ್ ಹಾಕಿ, ಒಂದು ಪಟ್ಟಿ ಕತ್ತರಿಸಿದ್ರಿ ಅಂದ್ರೂ ‘ಬಳಸಿದ ಐಟಂ’ ಅಂತ ಕೈ ತೊಳ್ಕೊಳ್ತಾರೆ.