ಬುಲೆಟ್ ಸೀಟಿಗೆ ಮೂರು ಸಲ ದುಡ್ಡು ಕೊಟ್ಟ ಕಥೆ, ಮತ್ತು ಬಂದರಿನ ಒಂದು ಕುಶನ್ ಅಂಗಡಿ

ನನ್ನದು 1994ರ ಬುಲೆಟ್ ಸ್ಟ್ಯಾಂಡರ್ಡ್ 350. ಹಳೇ ಕಾಸ್ಟ್ ಐರನ್ ಇಂಜಿನ್, ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮಾವನವರಿಂದ ಬಂದ ಗಾಡಿ. ಇಂಜಿನ್ ಬಗ್ಗೆ ನನ್ನ ದೂರಿಲ್ಲ, ಎಣ್ಣೆ ಸ್ವಲ್ಪ ಸೋರುತ್ತದೆ, ಸೋರಲಿ. ತಕರಾರು ಇದ್ದದ್ದು ಸೀಟಿನದ್ದು. ಉಡುಪಿಯಿಂದ ಮಂಗಳೂರಿಗೆ ಹೊರಟರೆ ಕಾಪು ದಾಟುವಾಗಲೇ ಸೊಂಟ ಹಿಡಿಯಲು ಶುರು. ಮುಲ್ಕಿ ಹೊತ್ತಿಗೆ ಒಂದು ಕುಂಡೆಯಿಂದ ಇನ್ನೊಂದಕ್ಕೆ ಭಾರ ಹಾಕುತ್ತಾ ಕೂರುವುದು, ಸುರತ್ಕಲ್‌ನಲ್ಲಿ ಚಹಾದ ನೆಪ ಮಾಡಿ ಇಳಿಯುವುದು. ದಾರಿ ಇರುವುದೇ 55-60 ಕಿಲೋಮೀಟರ್, ಅದರಲ್ಲೂ ಹೆದ್ದಾರಿ!

ಮೊದಲ ಸಲ ಮನೆ ಹತ್ತಿರದ ಒಂದು ಅಂಗಡಿಯಲ್ಲಿ ಹಳೇ ಸ್ಪಂಜು ತೆಗೆಸಿ ಹೊಸದು ಹಾಕಿಸಿದೆ. ಮೆತ್ತಗೆ ಇರಲಿ ಅಂತ ನಾನೇ ಹೇಳಿದ್ದು. ಹೆಬ್ಬೆರಳಲ್ಲಿ ಒತ್ತಿದರೆ ದೋಸೆ ಹಿಟ್ಟಿನ ಹಾಗೆ ಒಳಗೆ ಹೋಗುತ್ತಿತ್ತು, ಖುಷಿಯಾಯಿತು. ಕೂತ ಮೊದಲ ಹತ್ತು ನಿಮಿಷ ಸ್ವರ್ಗ. ಅರ್ಧ ಗಂಟೆ ಆದಮೇಲೆ ಸ್ಪಂಜು ಪೂರ್ತಿ ಕುಸಿದು, ಕೂರುವ ಎರಡು ಎಲುಬು ಸೀದಾ ಕೆಳಗಿನ ತಗಡಿಗೆ. ನಡುವಿನ ಮಾಂಸಕ್ಕೂ ಒತ್ತಡ, ರಕ್ತ ಓಡುವುದಿಲ್ಲ, ಕಾಲು ಜೋಮು. ಎರಡು ತಿಂಗಳಲ್ಲಿ ಆ ಸ್ಪಂಜು ಮಧ್ಯದಲ್ಲಿ ಗುಂಡಿ ಬಿದ್ದು ತೊಟ್ಟಿಲಿನ ಹಾಗೆ ಆಯಿತು.

ಎರಡನೇ ಸಲದ ತಪ್ಪು ಪೂರ್ತಿ ನನ್ನದೇ. ಫೋಟೋ ನೋಡಿ ಮರುಳಾಗಿ, 3,400 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಸ್ಪ್ರಿಂಗ್ ಇರುವ ಸಿಂಗಲ್ ಸೀಟು ತರಿಸಿದೆ. ಕಂದು ಬಣ್ಣ, ಸೈಕಲ್ ಸೀಟಿನ ಆಕಾರ, ಹಿಂದೆ ಎರಡು ದಪ್ಪ ಸ್ಪ್ರಿಂಗು. ನೋಡಲಿಕ್ಕೆ ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸ್ಪ್ರಿಂಗ್ ಯಾವ ಕಾಲದ್ದು ಅಂತ ಯೋಚಿಸಿರಲಿಲ್ಲ. ಹಿಂದಿನ ಚಕ್ರ ಫ್ರೇಮಿಗೇ ಬಿಗಿಯಾಗಿ ಕೂತಿರುತ್ತಿದ್ದ ಗಾಡಿಗಳಲ್ಲಿ ಸವಾರನ ಬೆನ್ನು ಉಳಿಸುವುದಕ್ಕೆ ಸೀಟಿನ ಸ್ಪ್ರಿಂಗ್ ಒಂದೇ ಇತ್ತು. ಬುಲೆಟ್‌ಗೆ 1949ರ ಹೊತ್ತಿಗೇ ಹಿಂದೆ ಸ್ವಿಂಗಾರ್ಮು (ಚಕ್ರ ಮೇಲೆ ಕೆಳಗೆ ಆಡಲು ಬಿಡುವ ತೋಳು), ಶಾಕು (ಶಾಕ್ ಅಬ್ಸಾರ್ಬರ್) ಎಲ್ಲ ಬಂದಿದೆ. ಈಗ ಶಾಕಿನ ಮೇಲೆ ಇನ್ನೊಂದು ಸ್ಪ್ರಿಂಗ್ ಹಾಕಿದರೆ ಏನಾಗುತ್ತದೆ? ಶಾಕಿನೊಳಗೆ ಎಣ್ಣೆ ಇದೆ, ಅದು ಕುಣಿತ ನಿಲ್ಲಿಸುತ್ತದೆ. ಸೀಟಿನ ಸ್ಪ್ರಿಂಗಿಗೆ ಅಂಥದ್ದೇನೂ ಇಲ್ಲ. ಗುಂಡಿಗೆ ಬಿದ್ದ ಗಾಡಿ ಸುಮ್ಮನಾದ ಮೇಲೂ ನಾನೊಬ್ಬನೇ ಕುಣಿಯುತ್ತಿದ್ದೆ. ಪಡುಬಿದ್ರಿ ಸಿಗ್ನಲ್‌ನಲ್ಲಿ ಪಕ್ಕದ ಸ್ಕೂಟರಿನ ಹುಡುಗ ನಕ್ಕದ್ದು ಇನ್ನೂ ನೆನಪಿದೆ. ಸಿಟಿಯೊಳಗೆ ನಿಧಾನ ಸುತ್ತುವವರಿಗೆ, ಒಬ್ಬರೇ ಓಡಾಡುವವರಿಗೆ ಅದು ಆದೀತು. ಹೆಂಡತಿ ಹಿಂದೆ ಕೂರಲು ಜಾಗ ಇಲ್ಲ ಅನ್ನುವುದು ತಂದ ಮೇಲೆ ಹೊಳೆಯಿತು ಅಂದರೆ ನೀವು ನಂಬಲಿಕ್ಕಿಲ್ಲ.

ಮೇಲೆ ಹಾಸುವ ಜೆಲ್ ಪ್ಯಾಡನ್ನು ಗೆಳೆಯನದ್ದು ತಂದು ಒಂದು ವಾರ ನೋಡಿದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿ ಬಂದು ಕೂತರೆ ಕಾವಲಿ. ವಾಪಸ್ ಕೊಟ್ಟೆ.

ಇನ್ನು ಮೂರನೆಯದ್ದು, ಅದಕ್ಕೇ ಇಷ್ಟು ಬರೆಯುತ್ತಿರುವುದು. ಮಂಗಳೂರು ಬಂದರಿನ ಕಡೆ ಒಂದು ಓಣಿಯಲ್ಲಿ ಕುಶನ್ ಅಂಗಡಿ ಇದೆ. ಹೆಸರು ಹೇಳೋಣ ಅಂದರೆ ಬೋರ್ಡೇ ಇಲ್ಲ. ಹೊರಗೆ ಲಾರಿ ಸೀಟುಗಳು, ಒಂದು ಬಸ್ಸಿನ ಡ್ರೈವರ್ ಸೀಟು, ರಿಕ್ಷಾದ ಹಿಂದಿನ ಸೀಟು ಎಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ. ಅದನ್ನು ನೋಡಿಯೇ ಒಳಗೆ ಹೋದದ್ದು. ದಿನಕ್ಕೆ ಹತ್ತು ಗಂಟೆ ಕೂರುವ ಡ್ರೈವರುಗಳು ಇಲ್ಲಿಗೆ ಬರುತ್ತಾರೆ ಅಂದರೆ ಏನೋ ಇರಬೇಕು ಅಲ್ವಾ.

ನಾನು ಗಾಡಿಯ ಹಳೇ ಸೀಟನ್ನೇ ತೋರಿಸಿ, "ಇದನ್ನು ಸ್ವಲ್ಪ ಮೆತ್ತಗೆ ಮಾಡಿ ಕೊಡ್ಲಿಕ್ಕೆ ಆಗ್ತದಾ?" ಅಂದೆ. ಅಂಗಡಿಯವರು ಸೀಟು ಮಗುಚಿ ತಗಡು ನೋಡಿದರು, ತಟ್ಟಿದರು, ಆಮೇಲೆ ನನ್ನನ್ನು ನೋಡಿದರು. "ಮೆತ್ತಗೆ ಮಾಡಿದ್ರೆ ಪುನಃ ಬರ್ತೀರಿ ಮಾರಾಯ್ರೆ. ಗಟ್ಟಿ ಮಾಡುವ, ಆಗ ಬರುದಿಲ್ಲ" ಅಂದರು.

ಅಳತೆ ತೆಗೆದ ರೀತಿ ಕೇಳಿ. ದಕ್ಕೆಯಿಂದ, ಅಂದರೆ ದೋಣಿ ನಿಲ್ಲುವ ಕಟ್ಟೆಯಿಂದ, ಮೀನು ತುಂಬಿಸಿ ಕಳಿಸುತ್ತಾರಲ್ಲ, ಬಿಳಿ ಥರ್ಮಾಕೋಲ್ ಪೆಟ್ಟಿಗೆ, ಅದರ ಮುಚ್ಚಳವನ್ನು ಬೆಂಚಿನ ಮೇಲೆ ಇಟ್ಟು ಅದರ ಮೇಲೆ ಕೂರಿಸಿದರು. ಬುಲೆಟ್ ಮೇಲೆ ಹೇಗೆ ಕೂರುತ್ತೀರೋ ಹಾಗೇ, ಕೈ ಮುಂದೆ ಚಾಚಿ, ಎರಡು ನಿಮಿಷ. ಬಂಗುಡೆಯ ವಾಸನೆ ಪ್ಯಾಂಟಿಗೆ ಹತ್ತಿತು, ಅದು ಬೇರೆ ಮಾತು. ಎದ್ದು ನೋಡಿದರೆ ಮುಚ್ಚಳದಲ್ಲಿ ಎರಡು ಗುಳಿ, ಎರಡು ಎಲುಬಿನ ಗುರುತು. ನಡುವೆ ಐದು ಇಂಚು. ಆ ಗುಳಿಗಳಿಗೆ ಬಣ್ಣದ ಸೀಮೆಸುಣ್ಣ ಹಚ್ಚಿ, ಸೀಟಿನ ಫೋಮಿನ ಮೇಲೆ ಕವುಚಿ ಒತ್ತಿದರು. ಫೋಮಿನ ಮೇಲೆ ಎರಡು ನೀಲಿ ಚುಕ್ಕೆ ಬಿತ್ತು. ಭಾರ ಬೀಳುವುದು ಅಲ್ಲಿ, ಹಾಗಾಗಿ ಅಗಲ, ಗಟ್ಟಿತನ ಎರಡೂ ಬೇಕಾದದ್ದು ಅಲ್ಲಿ.

ತಗಡಿನ ಮೇಲೆ ಮೊದಲು ಚಿಪ್ ಫೋಮ್, ಅಂದರೆ ಚೂರು ಸ್ಪಂಜುಗಳನ್ನು ಒತ್ತಿ ಅಂಟಿಸಿ ಮಾಡುವ ಬಣ್ಣ ಬಣ್ಣದ ಗಟ್ಟಿ ಹಾಳೆ. ಅದರ ಮೇಲೆ ಒಂದೇ ಇಂಚು ಮಾಮೂಲಿ ಫೋಮ್, 40 ಡೆನ್ಸಿಟಿಯದ್ದು. ಈ ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನುವ ಲೆಕ್ಕ. ಅಂಗಡಿಯಲ್ಲಿ ಎಲ್ಲರೂ ಅದನ್ನು ಗಟ್ಟಿತನ ಅಂದುಕೊಂಡು ಕೇಳುತ್ತಾರೆ, ನಾನೂ ಹಾಗೇ ಕೇಳಿದ್ದೆ. ತೂಕದ ಫೋಮು ಬೇಗ ಕುಸಿಯುವುದಿಲ್ಲ, ಅಷ್ಟು ಹೇಳಬಹುದು. ಗಟ್ಟಿಯೋ ಮೆತ್ತಗೋ ಅನ್ನುವುದನ್ನು ಕೂತೇ ನೋಡಬೇಕು, ಹೆಬ್ಬೆರಳಿನ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ.

ಆಮೇಲೆ ಅಂಟಿನ ಸೊಲ್ಯೂಷನ್ ಹಚ್ಚಿ ಒಣಗಲು ಬಿಟ್ಟು, ಆಕ್ಸಾ ಬ್ಲೇಡಿನಲ್ಲಿ ಕೊಯ್ದು, ಗ್ರೈಂಡರಿನಲ್ಲಿ ಉಜ್ಜಿ ಆಕಾರ ಕೊಟ್ಟರು. ಮುಂದೆ ಟ್ಯಾಂಕಿನ ಹತ್ತಿರ ಸಪೂರ, ಯಾಕೆಂದರೆ ಅಲ್ಲಿ ಅಗಲ ಇದ್ದರೆ ತೊಡೆ ಹೊರಗೆ ಹೋಗಿ ಕಾಲು ನೆಲಕ್ಕೆ ಎಟಕುವುದಿಲ್ಲ. ಹಿಂದೆ ಅಗಲ. ಹಳೇ ಸೀಟು ಮುಂದಕ್ಕೆ ಇಳಿಜಾರಾಗಿತ್ತಂತೆ, ಪ್ರತಿ ಬ್ರೇಕಿಗೂ ನಾನು ಟ್ಯಾಂಕಿನ ಕಡೆ ಜಾರಿ ಮತ್ತೆ ಹಿಂದೆ ಸರಿಯುತ್ತಿದ್ದದ್ದು ಅದಕ್ಕೇ. ಇಷ್ಟು ವರ್ಷ ಅದನ್ನು ನನ್ನ ಪ್ಯಾಂಟಿನ ಬಟ್ಟೆಯ ದೋಷ ಅಂದುಕೊಂಡಿದ್ದೆ. ರೆಗ್ಜಿನ್ ಹಾಕುವ ಮೊದಲು ಬರೀ ಫೋಮಿನ ಮೇಲೆ ಕೂರಿಸಿ ಓಣಿಯಲ್ಲಿ ಎರಡು ಸುತ್ತು ಓಡಿಸಲು ಹೇಳಿದರು. ವಾಪಸ್ ಬಂದು ಬಲಗಡೆ ತೊಡೆಗೆ ಒತ್ತುತ್ತದೆ ಅಂದೆ, ಅರ್ಧ ಇಂಚು ಉಜ್ಜಿದರು. ಮತ್ತೆ ಒಂದು ಸುತ್ತು. ಯಾವ ಆನ್‌ಲೈನ್ ಸೀಟಿನಲ್ಲಿ ಇದು ಸಿಗುತ್ತದೆ ಹೇಳಿ.

ಬಿಲ್ಲು 2,200 ರೂಪಾಯಿ, ತಗಡಿನ ತುಕ್ಕು ಉಜ್ಜಿ ಪೇಂಟ್ ಹೊಡೆದದ್ದೂ ಸೇರಿ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಆ ತಗಡು ಅಡಿಯಿಂದ ಎಲೆ ಎಲೆಯಾಗಿ ಏಳುತ್ತಿತ್ತು, ಅದನ್ನು ಬಿಟ್ಟು ಮೇಲೆ ಎಷ್ಟು ಚಂದ ಮಾಡಿದರೂ ದಂಡ.

ದೂರೂ ಇದೆ. ಗುರುವಾರ ಕೊಡುತ್ತೇನೆ ಅಂದವರು ಕೊಟ್ಟದ್ದು ಮುಂದಿನ ಮಂಗಳವಾರ. ಫೋನ್ ಎತ್ತುವುದಿಲ್ಲ. ಅಷ್ಟು ದಿನ ನನ್ನ ಬುಲೆಟ್ ಸೀಟಿಲ್ಲದೆ ಕುದ್ರೋಳಿಯ ಗೆಳೆಯನ ಮನೆ ಅಂಗಳದಲ್ಲಿ ಗೋಣಿ ಹೊದ್ದು ನಿಂತಿತ್ತು, ನಾನು ಬಸ್ಸಲ್ಲಿ.

ಇನ್ನೊಂದು ಎಡವಟ್ಟು ನಾನೇ ಮಾಡಿದ್ದು. ಹಳೇ ಕಾಲದ ಲುಕ್ ಬೇಕು ಅಂತ ಮೇಲೆ ಅಡ್ಡಡ್ಡ ಪಟ್ಟಿ ಪಟ್ಟಿ ಹೊಲಿಗೆ, ಅಂಚಿಗೆ ಬಿಳಿ ಪೈಪಿಂಗ್ ಕೇಳಿದೆ. "ಒಂದೊಂದು ಹೊಲಿಗೆಯೂ ಒಂದೊಂದು ತೂತು, ಮಳೆಗಾಲ ಉಂಟು ನೋಡಿ" ಅಂದಿದ್ದರು. ಕೇಳಲಿಲ್ಲ. ಜೂನ್ ಎರಡನೇ ವಾರ ಬಿದ್ದ ಮಳೆಗೆ ಫೋಮು ನೀರು ಕುಡಿದು ಕೂತಿತು. ಮೇಲೆ ಒರೆಸಿದರೆ ಒಣ, ಕೂತರೆ ಒಳಗಿಂದ ನೀರು ಮೇಲೆ ಬರುತ್ತದೆ. ಆಫೀಸಿಗೆ ಹೋದರೆ ಹಿಂದೆ ಎರಡು ಒದ್ದೆ ಗುರುತು, ಥರ್ಮಾಕೋಲಿನಲ್ಲಿ ಮೂಡಿದ್ದವೇ! ವಾರ ಕಳೆಯುವಾಗ ಬೂಷ್ಟು ವಾಸನೆ ಬೇರೆ. ಜುಲೈಯಲ್ಲಿ ಮತ್ತೆ ಹೋಗಿ 600 ಕೊಟ್ಟು, ಫೋಮ್ ಒಣಗಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹೊಲಿಗೆ ಇಲ್ಲದ ಒಂದೇ ರೆಗ್ಜಿನ್ ಹಾಕಿಸಿದೆ. ಜೋಡಣೆ ಎಲ್ಲ ಬದಿಯಲ್ಲಿ, ಕೆಳಗಡೆ. ಅವರು "ನಾನು ಹೇಳಿದ್ದೆ" ಅಂತ ಒಂದು ಮಾತೂ ಆಡಲಿಲ್ಲ, ಸುಮ್ನೆ ನಕ್ಕರು. ಅದು ಇನ್ನೂ ಕಷ್ಟ.

ಅದಾದ ಮೇಲೆ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ಹದಿನಾಲ್ಕೂ ತಿರುವು ಹತ್ತಿ, ಮೇಲೆ ಒಂದು ಚಹಾ ಕುಡಿದು ಅದೇ ದಿನ ವಾಪಸ್ ಬಂದೆ. ತಿರುವಿನಲ್ಲಿ ಜಾರಲಿಲ್ಲ, ಬ್ರೇಕಿಗೆ ಮುಂದೆ ಹೋಗಲಿಲ್ಲ, ಮನೆಗೆ ಬಂದು ನೇರ ನಡೆದೆ. ಕೈಗೆ ಇಂಜಿನ್ನಿನ ನಡುಕ ಇದ್ದೇ ಇದೆ, ಅದಕ್ಕೆ ಸೀಟು ಏನು ಮಾಡೀತು.

ಹಿಂದೆ ಕೂರುವವರ ತೀರ್ಪು ಬೇರೆ. "ನಿಮ್ಗೆ ಸಿಂಹಾಸನ, ನಂಗೆ ಮಣೆ" ಅಂದಳು ಹೆಂಡತಿ, ಬ್ರಹ್ಮಾವರ ತಲುಪುವ ಮೊದಲೇ. ತಪ್ಪಿಲ್ಲ, ಅಳತೆಗೆ ಹೋದದ್ದು ನಾನೊಬ್ಬನೇ. ಹಿಂದಿನ ಅರ್ಧಕ್ಕೆ ಅವಳನ್ನೂ ಕರೆದುಕೊಂಡು ಹೋಗಬೇಕು. ಮೀನಿನ ಪೆಟ್ಟಿಗೆ ಮುಚ್ಚಳದ ವಿಷಯ ಇನ್ನೂ ಹೇಳಿಲ್ಲ.

ಹೋಗುವವರು ಸ್ಪಾನರ್ ತಗೊಂಡು ಹೋಗಿ, ಸೀಟು ನೀವೇ ಬಿಚ್ಚಬೇಕು. ಹಳೇ ಪ್ಯಾಂಟ್ ಹಾಕಿಕೊಳ್ಳಿ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ನಾನು ಗೊತ್ತಿಲ್ಲದೆ ಹೋಗಿ ಒಂದು ಗಂಟೆ ಎದುರಿನ ಹೋಟೆಲಲ್ಲಿ ಕೂತಿದ್ದೆ. ಗೋಳಿಬಜೆ ಬಿಸಿ ಇತ್ತು, ಬೆಂಚು ಮಾತ್ರ ನಮ್ಮ ಕುಶನ್ ಅಂಗಡಿಯವರ ಕೈಗೆ ಸಿಗಬೇಕಿತ್ತು.