ಮಾಸ್ ಗೇನರ್ ಪುಡಿ: ಡಬ್ಬಿಯ ಹಿಂಬದಿ ಓದಿ ಕೊಳ್ಳಿ

ತೂಕ ಏರಿಸಿಕೊಳ್ಳಲೆಂದು ಸಣಕಲು ಮೈಯವರಿಗೆಂದೇ ಮಾರುವ ಪುಡಿ ಇದು. ಮುಂದೆ ದಪ್ಪಕ್ಷರದಲ್ಲಿ 1,250 ಕ್ಯಾಲೊರಿ ಎಂದಿದ್ದರೆ ಹಿಗ್ಗಬೇಡಿ. ಹಿಂದಿನ ಸಣ್ಣಕ್ಷರದಲ್ಲಿ ಅದು 330 ಗ್ರಾಂ ಪುಡಿಯ ಲೆಕ್ಕ. 3 ಕೆಜಿ ಡಬ್ಬಿ ಒಂಬತ್ತೇ ದಿನಕ್ಕೆ ಖಾಲಿ! ಆ 330ರಲ್ಲಿ 250 ಗ್ರಾಂ ಕಾರ್ಬೊಹೈಡ್ರೇಟ್, ಬಹುಪಾಲು ಮಾಲ್ಟೊಡೆಕ್ಸ್ಟ್ರಿನ್, ಅಂದರೆ ಪಿಷ್ಟದಿಂದ ತಯಾರಿಸಿದ ಪುಡಿ. ಪ್ರೋಟೀನ್ ಬರೀ 50 ಗ್ರಾಂ.

ಪೂರ್ತಿ ಅಳತೆ ಒಂದೇ ಸಲ ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಮುಂದಿನ ಊಟ ಸೇರುವುದಿಲ್ಲ. ಸೇರಿಸಿದ ಕ್ಯಾಲೊರಿ ಅಲ್ಲಿಗೆ ವಜಾ. ಕಾಲು ಅಳತೆ, ಅಂದರೆ ಸುಮಾರು 80 ಗ್ರಾಂ, 250 ಮಿಲಿ ಕೆನೆಹಾಲಿನಲ್ಲಿ ಸಾಕು: ಹತ್ತಿರಹತ್ತಿರ 500 ಕ್ಯಾಲೊರಿ. ಶೇಕರ್‌ಗೆ ಹಾಲು ಮೊದಲು, ಪುಡಿ ಆಮೇಲೆ. ತಿರುಗುಮುರುಗಾದರೆ ತಳದಲ್ಲಿ ಗಂಟು ಕಟ್ಟುತ್ತದೆ. ಊಟಕ್ಕೆ ಮುಂಚೆ ಬೇಡ, ಮಲಗುವ ಮುನ್ನ ಒಳ್ಳೆಯದು.

ಸ್ನಾಯು ಬೆಳೆಸುವುದು ಪುಡಿಯಲ್ಲ, ವ್ಯಾಯಾಮದಲ್ಲಿ ನೀವು ಎತ್ತುವ, ವಾರವಾರ ಏರುವ ಭಾರ. ಜೊತೆಗೆ ದಿನಕ್ಕೆ ದೇಹತೂಕದ ಕೆಜಿಗೆ 1.6 ಗ್ರಾಂ ಪ್ರೋಟೀನ್. 60 ಕೆಜಿಯವರಿಗೆ 96 ಗ್ರಾಂ. ಈ ಲೋಟದಿಂದ ಸಿಗುವುದು ಹಾಲೂ ಸೇರಿ 20, ಉಳಿದದ್ದು ತಟ್ಟೆಯಿಂದಲೇ ಬರಬೇಕು. ಓಟ್ಸ್, ಬಾಳೆಹಣ್ಣು, ಕಡಲೆಕಾಯಿ ಬೆಣ್ಣೆ, ಹಾಲು ರುಬ್ಬಿದರೂ ಇಷ್ಟೇ ಕ್ಯಾಲೊರಿ ಬರುತ್ತದೆ, ನಾರಿನಂಶ ಬೋನಸ್. ಅಡುಗೆಗೆ ಪುರುಸೊತ್ತಿಲ್ಲದವರಿಗಷ್ಟೇ ಡಬ್ಬಿ ಸರಿ. ದೇಹತೂಕ ವಾರಕ್ಕೆ ಕಾಲು ಕೆಜಿ ಏರದಿದ್ದರೆ ಅಳತೆಗೆ 30 ಗ್ರಾಂ ಸೇರಿಸಿ; ಸೊಂಟ ಮಾತ್ರ ಊದುತ್ತಿದ್ದರೆ ಅಷ್ಟೇ ಇಳಿಸಿ.