ಚೆಸ್ಕಾ ಕುರ್ಚಿ, ಆರು ವರ್ಷದ ಬಳಕೆ: ಪೈಪು ಸರಿ, ತಕರಾರೆಲ್ಲ ಬೆತ್ತದ್ದು

ಚೆಸ್ಕಾ ಎಂದರೆ ವಿನ್ಯಾಸಕಾರ ಮಾರ್ಸೆಲ್ ಬ್ರಾಯರ್ 1928ರಲ್ಲಿ ಮಾಡಿದ ಕುರ್ಚಿ. ಹಿಂಗಾಲಿಲ್ಲದ ಉಕ್ಕಿನ ಪೈಪು ಕೂತರೆ ಒಂಚೂರು ಬಾಗುತ್ತದೆ, ಎದ್ದರೆ ತನ್ನ ಜಾಗಕ್ಕೆ ಬರುತ್ತದೆ. ಅದರ ಬಗ್ಗೆ ದೂರಿಲ್ಲ. ದೂರಿರುವುದು ಬೀಚ್ ಎಂಬ ಗಟ್ಟಿ ಮರದ ಚೌಕಟ್ಟಿಗೆ ಬೆತ್ತ ಬಿಗಿದ ಸೀಟಿನ ಮೇಲೆ.

ಬೆತ್ತ ಹರಿಯುವುದು ನಡುವಿನಲ್ಲಲ್ಲ, ಮುಂದಿನ ಅಂಚು ಮರಕ್ಕೆ ತಾಗುವ ಕಡೆ. ಬಲ್ಬ್ ಹಾಕಲು ಯಾರಾದರೂ ಮಂಡಿಯೂರಿ ಹತ್ತಿದರೆ ಮುಗಿಯಿತು. ಹೀಟರ್ ಪಕ್ಕ ಇಟ್ಟರೂ ಒಣಗಿ ಪಟಪಟ ಮುರಿಯುತ್ತದೆ. ಹೊಸದು ಹಾಕಿಸುವ ಖರ್ಚು ಕೇಳಿದರೆ ಕುರ್ಚಿಯ ಮೇಲಿನ ಪ್ರೀತಿ ಅರ್ಧ ಇಳಿಯುತ್ತದೆ.

ಕೈಯಲ್ಲೇ ಮಾಡುವುದಾದರೆ ಮೊದಲು ಚೌಕಟ್ಟು ನೋಡಿ. ಸುತ್ತ ಸಾಲು ತೂತುಗಳಿದ್ದರೆ ಅದು ಕೈಹೆಣಿಗೆ. ನಮ್ಮ ಈಸಿಚೇರ್ ಹೆಣೆಯುವವರಿಗೆ ಬರುವ ಕೆಲಸ. ತೂತಿನ ಬದಲು ಗ್ರೂವ್, ಅಂದರೆ ಸುತ್ತ ಕೊರೆದ ಸಣ್ಣ ಕಾಲುವೆ ಇದ್ದರೆ ಯಂತ್ರದಲ್ಲಿ ನೇಯ್ದ ಬೆತ್ತದ ಹಾಳೆ ಬೇಕು. ಗ್ರೂವ್‌ನಲ್ಲಿ ಕೂತ ಹಳೆ ಬೆತ್ತದ ಕಡ್ಡಿಯ ಎರಡೂ ಬದಿ ಚಾಕುವಿನಿಂದ ಸೀಳಿ, ಸಣ್ಣ ಉಳಿಯಿಂದ ಎಬ್ಬಿಸಿ. ಹಾಳೆ ನಾಲ್ಕೂ ಕಡೆ 2-3 ಸೆಂ.ಮೀ. ಹೆಚ್ಚಿರಲಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಯಲಿ. ಹಿಂದೆ, ಮುಂದೆ, ಆಮೇಲೆ ಎಡಬಲ ಮರದ ಬೆಣೆ ಹೊಡೆದು ಹಾಳೆಯನ್ನು ಗ್ರೂವ್‌ಗೆ ಇಳಿಸಿ, ಮೂಲೆಗಳನ್ನು ಕೊನೆಗೆ ಕೂರಿಸಿ. ಹೆಚ್ಚುವರಿ ಕತ್ತರಿಸಿ, ಬಿಳಿ ಅಂಟು ಹಾಕಿ, ಹೊಸ ಕಡ್ಡಿಯನ್ನು ಕೊಡತಿಯಿಂದ ತಟ್ಟಿ. ಕಡ್ಡಿ ಗ್ರೂವ್‌ಗಿಂತ ಕೊಂಚ ಸಪೂರ ಇರಬೇಕು, ದಪ್ಪಗಿದ್ದರೆ ಬೀಚ್ ಮರ ಸೀಳುತ್ತದೆ. ಹಾಳೆಯನ್ನು ಒದ್ದೆಯಲ್ಲೇ ತೀರಾ ಬಿಗಿಯಾಗಿ ಎಳೆದರೆ ಒಣಗುವಾಗ ತಾನೇ ಹರಿದುಕೊಳ್ಳುತ್ತದೆ. ಎರಡು ದಿನ ಯಾರೂ ಕೂರಬಾರದು.

ಇಷ್ಟೆಲ್ಲ ಬೈದರೂ ಒಂದು ಸಣ್ಣ ಸುಖವಿದೆ. ಸೀಟು ಜೋತರೆ ರಾತ್ರಿ ಕುರ್ಚಿ ಮಗುಚಿ, ಒದ್ದೆ ಬಟ್ಟೆಯಿಂದ ಅಡಿಭಾಗ ಚೆನ್ನಾಗಿ ಒರೆಸಿ ಬಿಡಿ. ಮೇಲ್ಭಾಗ ಬೆತ್ತದ ನುಣುಪು ತೊಗಟೆ, ನೀರು ಹೀರುವುದಿಲ್ಲ, ಅಡಿಭಾಗ ಹೀರುತ್ತದೆ. ಒಣಗುತ್ತ ಬಿಗಿಯುತ್ತದೆ, ಬೆಳಿಗ್ಗೆ ಬೆರಳಲ್ಲಿ ತಟ್ಟಿದರೆ ಡಬ್ ಎನ್ನುತ್ತದೆ. ತಮಟೆಗೆ ಬೆಂಕಿ ಕಾಯಿಸಬೇಕು, ಇದಕ್ಕೆ ನೀರು ಕುಡಿಸಬೇಕು, ಅಷ್ಟೇ ವ್ಯತ್ಯಾಸ.

ಹಳೆಯದು ಕೊಳ್ಳುವವರು ಬೆತ್ತ ಹರಿದದ್ದನ್ನೇ ಹುಡುಕಿ ಚೌಕಾಸಿ ಮಾಡಿ. ನೋಡಬೇಕಾದ್ದು ಪೈಪಿನ ಬಾಗು ಮತ್ತು ಸ್ಕ್ರೂ ತೂತಿನ ಸುತ್ತ. ಅಲ್ಲಿ ಕೂದಲೆಳೆಯ ಬಿರುಕಿದ್ದರೆ ಬಿಟ್ಟುಬಿಡಿ. ಮರದಲ್ಲಿ ಸ್ಕ್ರೂ ಸಡಿಲವಾಗಿದ್ದರೆ ಹೆದರಬೇಡಿ, ಬೀಚ್ ಕಡ್ಡಿಗೆ ಅಂಟು ಹಚ್ಚಿ ತೂತು ತುಂಬಿ ಹೊಸದಾಗಿ ಕೊರೆದರೆ ಸಾಕು. ಕ್ರೋಮ್ ಮೇಲಿನ ತುಕ್ಕಿನ ಚುಕ್ಕೆ ಒದ್ದೆ ಅಲ್ಯೂಮಿನಿಯಂ ಫಾಯಿಲ್ ಉಂಡೆಯಿಂದ ಉಜ್ಜಿದರೆ ಹೋಗುತ್ತದೆ. ಹೊಳಪಿನಲ್ಲಿ ಹಳದಿ ಛಾಯೆ ಕಂಡರೆ ಅದು ಕ್ರೋಮ್ ಅಲ್ಲ, ನಿಕಲ್ ಲೇಪ ಇರಬಹುದು, ಅದರ ಮೇಲೆ ಫಾಯಿಲ್ ಬೇಡ, ಮೆತ್ತನೆ ಬಟ್ಟೆ ಮಾತ್ರ.